ಹೊಸದಕ್ಕಿಂತ ದುಬಾರಿಯಾದ ಹಳೆಯದು

ಗಡಿಗೆ ಕೊಳ್ಳುವ ವಿದ್ಯೆಯನ್ನು ನನಗೆ ಕಲಿಸಿದವಳು ಅವ್ವ. ಮಾನ್ವಿಯ ಸಂತೆಯಲ್ಲಿ ಕುಂಬಾರರ ಮುಂದೆ ಕುಕ್ಕರುಗಾಲಲ್ಲಿ ಕೂತು, ಗಡಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈ ಬೆರಳಿನ ಗೆಣ್ಣಿನಿಂದ ಬಾರಿಸಿ, ಕಿವಿಗೊಟ್ಟು ಕೇಳುತ್ತಿದ್ದಳು. ಟಣ್ ಎಂದರೆ ಸರಿ, ಬದ್ ಎಂದರೆ ಕೆಳಗಿಡು. "ಬಿರುಕು ಕಣ್ಣಿಗೆ ಕಾಣಂಗಿಲ್ಲವ್ವ, ಕಿವಿಗೆ ಕೇಳ್ತದ" ಎನ್ನುತ್ತಿದ್ದಳು. ಆ ವಿದ್ಯೆಯ ಬಲದಿಂದ ನಾನು ಇಷ್ಟು ವರ್ಷ ಸಂಸಾರ ಮಾಡಿದೆ. ಆದರೆ ಐವತ್ತೈದಕ್ಕೆ ಕಾಲಿಡುತ್ತಿದ್ದಾಗ ಒಂದು ಹಳೆಯ ಕರೆಂಟು ಕಾರು ಕೊಳ್ಳಲು ಹೊರಟೆ ನೋಡಿ, ಎಲ್ಲಿ ಬಾರಿಸಬೇಕು, ಏನು ಕೇಳಬೇಕು ಎಂಬುದೇ ತಿಳಿಯದಾಯಿತು.

ಈ ವಯಸ್ಸಿನಲ್ಲಿ ಟೀಚರಮ್ಮನಿಗೆ ಕಾರಿನ ಹುಚ್ಚು ಯಾಕೆ ಹಿಡಿಯಿತು ಎಂದು ನೀವು ಕೇಳಬಹುದು. ಸ್ಟಾಫ್ ರೂಮಿನಲ್ಲಿಯೂ ಕೇಳಿದರು. ನನ್ನ ಶಾಲೆ ಮಾನ್ವಿಯಿಂದ 18 ಕಿಲೋಮೀಟರು ದೂರದ ಹಳ್ಳಿಯಲ್ಲಿದೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವುದು. ಬಸ್ಸು ತಪ್ಪಿದರೆ ಟಂಟಂ, ಟಂಟಂ ಇಲ್ಲದಿದ್ದರೆ ಯಾವುದಾದರೂ ಭತ್ತದ ಟ್ರ್ಯಾಕ್ಟರು. ನಮ್ಮ ಮನೆಯವರು ಸಿಂಧನೂರಿನಲ್ಲಿ ಅಕ್ಕಿ ಮಿಲ್ಲಿನ ಲೆಕ್ಕ ಬರೆಯುತ್ತಾರೆ, ಸುಗ್ಗಿಯಲ್ಲಿ ವಾರಗಟ್ಟಲೆ ಅಲ್ಲಿಯೇ ಉಳಿಯುತ್ತಾರೆ. ಮಗ ಬೆಂಗಳೂರಿನಲ್ಲಿ. ಮನೆಯಲ್ಲಿ ನಾನು ಮತ್ತು ಎಂಬತ್ತೆರಡು ವರ್ಷದ ಅವ್ವ. ಅವ್ವನಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್.

2024ರ ಆಷಾಢದ ಒಂದು ಸಂಜೆ ಮಳೆ ಹಿಡಿಯಿತು. ಬಸ್ಸು ಬರಲಿಲ್ಲ. ಕಾಲುವೆಯ ಪಕ್ಕದ ರಸ್ತೆಯಲ್ಲಿ ಎರಡು ಗಂಟೆ ನಿಂತೆ. ಮನೆಗೆ ಬಂದಾಗ ರಾತ್ರಿ ಒಂಬತ್ತು. ನೆರೆಮನೆಯ ಹುಡುಗಿ ದಿನದ ಹೊತ್ತಿಗೆ ಸರಿಯಾಗಿ ಬಂದು ಸೂಜಿ ಹಾಕಿ ಹೋಗಿದ್ದಳು. ಆದರೆ ಅವ್ವ, ಮಗಳು ಬರಲಿ, ಇಬ್ಬರೂ ಕೂಡಿ ಉಣ್ಣೋಣ ಎಂದು ರೊಟ್ಟಿ ಮುಚ್ಚಿಟ್ಟು ಕಾದಿದ್ದಳು. ಸೂಜಿ ಬಿದ್ದ ಮೇಲೆ ಉಣ್ಣದಿದ್ದರೆ ರಕ್ತದ ಸಕ್ಕರೆ ಕುಸಿಯುತ್ತದೆ. ನಾನು ಒಳಗೆ ಕಾಲಿಟ್ಟಾಗ ಅವ್ವ ಗೋಡೆಗೆ ಒರಗಿದ್ದಳು, ಮೈಯೆಲ್ಲ ಬೆವರು, ಮಾತು ತೊದಲುತ್ತಿತ್ತು. ಸಕ್ಕರೆ ನೀರು ಕುಡಿಸಿದೆ. ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾಗಿ, "ಬಂದೆ ಏನವ್ವ, ಉಂಡೇನು?" ಎಂದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಿವೃತ್ತಿಗೆ ಇನ್ನೂ ಐದು ವರ್ಷವಿತ್ತು. ಐದು ವರ್ಷ ಹೀಗೆ ದಾರಿಯಲ್ಲಿ ನಿಲ್ಲಲಾರೆ ಎಂದು ನಿಶ್ಚಯಿಸಿದೆ.

ಕಾರು ಓಡಿಸುವುದನ್ನು ಕೊರೋನಾ ರಜೆಯಲ್ಲಿ ಕಲಿತಿದ್ದೆ. ಆದರೆ ನನ್ನ ಎಡ ಮೊಣಕಾಲು ಕ್ಲಚ್ಚಿಗೆ ಒಗ್ಗದು. ಡಾಕ್ಟರು ಮೆಟ್ಟಿಲನ್ನೇ ಹತ್ತಬೇಡಿ ಎಂದವರು, ಕ್ಲಚ್ಚು ತುಳಿಯಿರಿ ಎಂದಾರೆಯೇ? ಕರೆಂಟು ಕಾರಿಗೆ ಕ್ಲಚ್ಚಿಲ್ಲ, ಗೇರಿಲ್ಲ. ರಾತ್ರಿ ಮನೆಯಲ್ಲಿ ಪ್ಲಗ್ಗು ಹಾಕಿದರೆ ಬೆಳಿಗ್ಗೆ ತಯಾರು. ಒಂದು ಯೂನಿಟ್ಟಿಗೆ ಏಳು ಕಿಲೋಮೀಟರು ಹಿಡಿದರೂ ನನ್ನ ಹೋಗಿ ಬರುವ 36 ಕಿಲೋಮೀಟರಿಗೆ ಐದು ಯೂನಿಟ್ಟು ಚಿಲ್ಲರೆ. ಲೆಕ್ಕ ಚೆನ್ನಾಗಿ ಕೂತಿತು. ಕೂರದಿದ್ದದ್ದು ಒಂದೇ: ಹೊಸದರ ಬೆಲೆ. ನನ್ನ ಕೈಯಲ್ಲಿ ಇದ್ದದ್ದು, ಸಾಲವೂ ಸೇರಿ, ಐದು ಲಕ್ಷ. ಹಾಗಾದರೆ ಹಳೆಯದು ಹುಡುಕಬೇಕು. ಹುಡುಕಲು ಹೊರಟರೆ ರಾಯಚೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳ ಮುಂದೆ ಪೆಟ್ರೋಲು ಡೀಸಲಿನ ಗಾಡಿಗಳು ಸಾಲಾಗಿ ನಿಂತಿವೆ, ಕರೆಂಟಿನದು ಒಂದೂ ಇಲ್ಲ. "ಬಂದ್ರ ಹೇಳ್ತೀವ್ರಿ ಮೇಡಂ, ಬಂದ ದಿನಾನೇ ಹೋಗಿಬಿಡ್ತಾವ" ಎಂದರು.

ಈ ಮಾತು ನಾನು ಮೊದಲು ಕೇಳಿದ್ದು ಒಂಬತ್ತು ವರ್ಷದವಳಿದ್ದಾಗ. ಆಗ ಹುಡುಕುತ್ತಿದ್ದವರು ನಮ್ಮಪ್ಪ, ವಸ್ತು ಸ್ಕೂಟರು.

ಇಂದಿನ ಹೆಣ್ಣುಮಕ್ಕಳಿಗೆ ಇದು ಕಥೆ ಎನಿಸೀತು. ಆ ಕಾಲದಲ್ಲಿ ಕಾರ್ಖಾನೆಗಳು ಎಷ್ಟು ಗಾಡಿ ತಯಾರಿಸಬೇಕು ಎಂಬುದಕ್ಕೆ ಸರಕಾರದ ಲೈಸೆನ್ಸು ಬೇಕಿತ್ತು. ಕಾರುಗಳ ಹಂಚಿಕೆ ಮತ್ತು ಮಾರಾಟದ ಮೇಲೆ 1959ರಲ್ಲಿ, ಸ್ಕೂಟರುಗಳ ಮೇಲೆ 1960ರಲ್ಲಿ ನಿಯಂತ್ರಣ ಆಜ್ಞೆಗಳು ಬಂದವು. ಕಾರೆಂದರೆ ಅಂಬಾಸಿಡರು, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್, ಅಷ್ಟಕ್ಕೇ ಮುಗಿಯಿತು. 1972ರಲ್ಲಿ ಬಂದ ಬಜಾಜ್ ಚೇತಕ್ ಸ್ಕೂಟರಿಗಂತೂ ಹೆಸರು ಬರೆಸಿದವರು ವರ್ಷಗಟ್ಟಲೆ, ಕೆಲವೆಡೆ ಹತ್ತು ವರ್ಷದವರೆಗೆ ಕಾದರು. ಮಗಳು ಹುಟ್ಟಿದಾಗಲೇ ಅಳಿಯನಿಗೆಂದು ಸ್ಕೂಟರು ಬುಕ್ ಮಾಡಿದರೆಂಬ ನಗೆಮಾತು ಊರೂರಲ್ಲಿತ್ತು. ಕೊಳ್ಳುವವರು ನೂರು, ವಸ್ತು ಹತ್ತು ಎಂದಾಗ ಏನಾಗುತ್ತದೆ? ಹೊಸದರ ಬೆಲೆಯನ್ನು ಸರಕಾರ ಹಿಡಿದಿಟ್ಟಿತ್ತು, ಹಳೆಯದರ ಬೆಲೆಯನ್ನು ಹಿಡಿಯುವವರು ಯಾರೂ ಇರಲಿಲ್ಲ. ಹೀಗಾಗಿ ಕೋಟಾದಲ್ಲಿ ಗಾಡಿ ಸಿಕ್ಕವನು ಒಂದಿಷ್ಟು ದಿನ ಓಡಿಸಿ, ಕೊಂಡದ್ದಕ್ಕಿಂತ ಹೆಚ್ಚಿಗೆ ಮಾರುತ್ತಿದ್ದ. ಆ ಹೆಚ್ಚಿನ ಹಣಕ್ಕೆ 'ಪ್ರೀಮಿಯಂ' ಎಂದು ಮರ್ಯಾದೆಯ ಹೆಸರಿತ್ತು.

ಅಪ್ಪ ಗುಮಾಸ್ತರು. ಅವರು ಹೆಸರು ಬರೆಸಿ ಐದು ವರ್ಷವಾಗಿತ್ತು. 1979ರಲ್ಲಿ ರಾಯಚೂರಿನ ಒಬ್ಬರು ತಮ್ಮ ಸ್ಕೂಟರು ಮಾರುತ್ತಾರೆಂದು ಸುದ್ದಿ ಬಂತು. "ಇವತ್ತು ರೊಕ್ಕ ಕೊಟ್ರ ಇವತ್ತೇ ಗಾಡಿ. ನಾಳೆ ಅಂದ್ರ ಇರಂಗಿಲ್ಲ." ಹೊಸದರ ಬೆಲೆಗಿಂತ ಎರಡು ಸಾವಿರ ಹೆಚ್ಚು. ಅಪ್ಪ ಅಂಗಳದಲ್ಲಿ ಮೂರು ಸುತ್ತು ತಿರುಗಿದರು. ಅವ್ವ ಏನೂ ಮಾತಾಡದೆ ಒಳಗೆ ಹೋಗಿ ಕೈಗೆ ಸಾಬೂನು ಹಚ್ಚಿಕೊಂಡು ಪಾಟ್ಲಿ ಬಿಚ್ಚಿದಳು. ತವರಿನ ಪಾಟ್ಲಿ. ಸ್ಕೂಟರು ಬಂತು, ನಾವು ಮಕ್ಕಳು ಅದಕ್ಕೆ ಕುಂಕುಮ ಹಚ್ಚಿದೆವು. ಆರು ತಿಂಗಳಿಗೆ ಅದರ ಇಂಜಿನ್ನು ಬಿಚ್ಚಬೇಕಾಯಿತು. ಮೆಕ್ಯಾನಿಕ್ಕು ಹೇಳಿದ: ಇದು ಬಿದ್ದು ಎದ್ದ ಗಾಡಿ, ಮೇಲೆ ಬಣ್ಣ ಹೊಡೆದಾರ. ಅಪ್ಪ ಗಡಿಗೆ ಬಾರಿಸಿ ನೋಡಿರಲಿಲ್ಲ. ಬಾರಿಸಲು ಪುರುಸೊತ್ತು ಕೊಟ್ಟಿರಲಿಲ್ಲ ಎಂದರೆ ಸರಿಯಾದೀತು. ಪಾಟ್ಲಿ ಮತ್ತೆ ಅವ್ವನ ಕೈಗೆ ಬರಲೇ ಇಲ್ಲ.

ಆಮೇಲೆ ಕಾಲ ಬದಲಾಯಿತು. 1983ರ ಏಪ್ರಿಲ್ಲಿನಲ್ಲಿ ಮಾರುತಿ ಕಾರಿಗೆ ಬುಕಿಂಗ್ ತೆರೆದಾಗ ಹತ್ತು ಸಾವಿರ ಮುಂಗಡ ಕಟ್ಟಿ ಲಕ್ಷಕ್ಕೂ ಮಿಕ್ಕಿ ಜನ ಹೆಸರು ಬರೆಸಿದರು. ಆ ಡಿಸೆಂಬರಿನಲ್ಲಿ ಮೊದಲ ಕಾರು ಹೊರಬಂತು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟುಪಾಡು ಹೋಯಿತು. ಹಳೆಯ ಗಾಡಿ ಹಳೆಯ ಬೆಲೆಗೇ ಸಿಗತೊಡಗಿತು. ಪ್ರೀಮಿಯಂ ಎಂಬ ಮಾತು ಸತ್ತೇಹೋಯಿತು ಎಂದುಕೊಂಡಿದ್ದೆವು. 2021ರಲ್ಲಿ ಕಾರಿನೊಳಗಿನ ಚಿಪ್ಪುಗಳಿಗೆ ಜಗತ್ತಿನಲ್ಲೆಲ್ಲ ಬರ ಬಿತ್ತು ನೋಡಿ, ಹೊಸ ಕಾರಿಗೆ ಮತ್ತೆ ತಿಂಗಳುಗಟ್ಟಲೆ ಸರದಿ. ಅಮೆರಿಕದಂಥ ಅಮೆರಿಕದಲ್ಲಿ ಒಂದು ವರ್ಷ ಓಡಿದ ಕೆಲವು ಕಾರುಗಳು ಹೊಸದಕ್ಕಿಂತ ಹೆಚ್ಚಿಗೆ ಮಾರಾಟವಾದವು. ನಮ್ಮಪ್ಪನ ಸ್ಕೂಟರಿನ ಕಥೆ ಇಂಗ್ಲಿಷು ಮಾತಾಡಿಕೊಂಡು ತಿರುಗಿ ಬಂದಂತಾಯಿತು.

ಇನ್ನು ಕರೆಂಟು ಕಾರಿನ ವಿಷಯ. ಇದು ಮೊನ್ನೆ ಮೊನ್ನೆ ಹುಟ್ಟಿದ್ದೆಂದು ನಾನೂ ತಿಳಿದಿದ್ದೆ. ಮಗ ಕಳಿಸಿದ ಪುಸ್ತಕ ಓದಿದರೆ ಇದರ ವಯಸ್ಸು ನಮ್ಮಜ್ಜಿಗಿಂತ ಹೆಚ್ಚು. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಸುಮಾರು 4,200 ಕಾರುಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬ್ಯಾಟರಿಯವು. ಪೆಟ್ರೋಲು ಕಾರನ್ನು ಶುರು ಮಾಡಲು ಮುಂದುಗಡೆ ನಿಂತು ಕಬ್ಬಿಣದ ಹ್ಯಾಂಡಲು ತಿರುವಬೇಕಿತ್ತು, ಅದು ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. ಕರೆಂಟು ಕಾರಿಗೆ ಆ ಜಂಜಾಟವಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಹೀಗಾಗಿ ಅದನ್ನು ಹೆಂಗಸರ ಕಾರು ಎಂದೇ ಮಾರಿದರು. ಪೆಟ್ರೋಲು ಕಾರನ್ನು ಲಕ್ಷಗಟ್ಟಲೆ ಮಾಡಿ ಲೋಕಕ್ಕೆ ಹಂಚಿದ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ತಾನು ಓಡಿಸುತ್ತಿದ್ದದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಬ್ಯಾಟರಿ ಕಾರು! ಗಂಡನ ಅಡುಗೆ ಊರಿಗೆಲ್ಲ ರುಚಿ, ಹೆಂಡತಿಗೆ ಮಾತ್ರ ಬೇರೆ ಊಟ. 1912ರಲ್ಲಿ ಕ್ಯಾಡಿಲಾಕ್ ಕಂಪನಿ ಗುಂಡಿ ಒತ್ತಿದರೆ ಶುರುವಾಗುವ ಪೆಟ್ರೋಲು ಕಾರು ತಂದಿತು. ಹ್ಯಾಂಡಲು ತಿರುವುವ ಕಷ್ಟ ತಪ್ಪಿತು, ಪೆಟ್ರೋಲೂ ಅಗ್ಗವಾಗಿತ್ತು. ಬ್ಯಾಟರಿ ಕಾರು ಮೂಲೆಗೆ ಸೇರಿತು. ತಮಾಷೆ ಎಂದರೆ ಅದನ್ನು ಮೂಲೆಗೆ ನೂಕಿದ ಆ ಗುಂಡಿಗೂ ಬೇಕಾದದ್ದು ಒಂದು ಬ್ಯಾಟರಿಯೇ.

ಎಂಬತ್ತು ವರ್ಷದ ಮೇಲೆ ಅದೇ ಅಮೆರಿಕದಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಜನರಲ್ ಮೋಟಾರ್ಸ್ ಕಂಪನಿ 1996ರಿಂದ ಇವಿ1 ಎಂಬ ಕರೆಂಟು ಕಾರನ್ನು ಜನರಿಗೆ ಕೊಟ್ಟಿತು. ಮಾರಲಿಲ್ಲ, ಬಾಡಿಗೆಗೆ ಕೊಟ್ಟಿತು. ಒಟ್ಟು ಸಾವಿರದ ನೂರು ಚಿಲ್ಲರೆ ಕಾರು. ಓಡಿಸಿದವರಿಗೆ ಅದು ಹಿಡಿಸಿತು. ಅವಧಿ ಮುಗಿದಾಗ, ಹಳೆಯದಾದರೂ ಸರಿ, ನಮಗೇ ಮಾರಿರಿ ಎಂದು ಬೇಡಿಕೊಂಡರು. ಕಂಪನಿ ಒಪ್ಪಲಿಲ್ಲ. ಕಾರುಗಳನ್ನು ವಾಪಸು ಪಡೆದು ಬಹುಪಾಲನ್ನು ಜಜ್ಜಿ ಹಾಕಿತು. 2005ರಲ್ಲಿ ಬರ್ಬ್ಯಾಂಕ್ ಎಂಬ ಊರಿನಲ್ಲಿ ಜನ ಆ ಕಾರುಗಳ ಅಂಗಳದ ಮುಂದೆ ಹಗಲು ರಾತ್ರಿ ಕಾವಲು ಕೂತರೂ ಉಳಿಯಲಿಲ್ಲ. ಅದೇ ಹೊತ್ತಿನಲ್ಲಿ ಟೊಯೊಟಾ ಕಂಪನಿ ತನ್ನ ರಾವ್4 ಕರೆಂಟು ಕಾರನ್ನು ಮುನ್ನೂರು ಚಿಲ್ಲರೆ ಜನರಿಗೆ ಮಾರಿ ನಿಲ್ಲಿಸಿಬಿಟ್ಟಿತ್ತು. ಪೆಟ್ರೋಲು ಬೆಲೆ ಏರಿದಾಗ ಆ ಮುನ್ನೂರರಲ್ಲಿ ಮಾರಾಟಕ್ಕೆ ಬಂದ ಕೆಲವಕ್ಕೆ ಹೊಸದರ ಬೆಲೆಗಿಂತ ಹೆಚ್ಚು ಹಣ ಎಣಿಸಿದರು. ಪ್ರೀಮಿಯಂ ನಮ್ಮ ದೇಶದ ಸ್ವತ್ತೇನೂ ಅಲ್ಲ. ವಸ್ತು ಕಡಿಮೆ, ಆಸೆ ಹೆಚ್ಚು ಇದ್ದಲ್ಲೆಲ್ಲ ಅದು ಹುಟ್ಟುತ್ತದೆ.

ನಮ್ಮ ದೇಶದಲ್ಲಿ ಈ ಕಾರಿನ ತವರು ಬೆಂಗಳೂರು ಎಂದು ಹೇಳಿಕೊಳ್ಳಲು ನಾವು ನಾಚಬೇಕಿಲ್ಲ. ನಮಗಿಂತ ಮುಂಚೆ ಕೇರಳದ ಚಾಲಕುಡಿಯ ಒಂದು ಕಂಪನಿ 1993ರಲ್ಲಿ ಲವ್‌ಬರ್ಡ್ ಎಂಬ ಇಬ್ಬರು ಕೂರುವ ಕರೆಂಟು ಕಾರು ಮಾಡಿತ್ತು, ಅದು ಬಹಳ ದಿನ ಬಾಳಲಿಲ್ಲ. ಬೆಂಗಳೂರಿನ ಹುಡುಗ ಚೇತನ್ ಮೈನಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ, 1990ರಲ್ಲಿ ಬಿಸಿಲಿನಿಂದ ಓಡುವ ಕಾರಿನ ಪಂದ್ಯದ ತಂಡದಲ್ಲಿದ್ದವರು. ಆ ತಂಡ ಅಮೆರಿಕದ ಪಂದ್ಯ ಗೆದ್ದು, ಆಸ್ಟ್ರೇಲಿಯಾದಲ್ಲಿ ಮೂರನೆಯದಾಗಿ ಬಂತು. ಅವರ ಮನೆತನದ ಮೈನಿ ಕಂಪನಿಯೂ ಅಮೆರಿಕದ ಅಮೆರಿಗಾನ್ ಎಂಬ ಸಂಸ್ಥೆಯೂ ಸೇರಿ 1994ರಲ್ಲಿ ರೇವಾ ಕಂಪನಿ ಕಟ್ಟಿದರು. 2001ರಲ್ಲಿ ಕಾರು ಬೀದಿಗೆ ಬಂತು. ಎರಡು ಬಾಗಿಲು, ಮುಂದೆ ದೊಡ್ಡವರಿಬ್ಬರು, ಹಿಂದೆ ಎರಡು ಮಕ್ಕಳು. ಸೀಟಿನ ಕೆಳಗೆ ಸೀಸದ ಎಂಟು ಬ್ಯಾಟರಿ. ರಾತ್ರಿಯೆಲ್ಲ ತುಂಬಿಸಿದರೆ ಸುಮಾರು 80 ಕಿಲೋಮೀಟರು.

ನಾನು ಅದನ್ನು ಮೊದಲು ನೋಡಿದ್ದು 2004ರಲ್ಲಿ, ಬಿ.ಇಡ್. ಗೆಳತಿಯ ಮನೆಗೆ ಜಯನಗರಕ್ಕೆ ಹೋದಾಗ. ಅವಳ ನೆರೆಮನೆಯ ಹೆಂಗಸು ಬೆಳಿಗ್ಗೆ ಹೂವು ಬಿಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಗೊಂಬೆಯಂಥ ಕಾರಿನಲ್ಲಿ ಕೂತು ಸದ್ದಿಲ್ಲದೆ ಹೋಗಿಬಿಟ್ಟಳು. ನನ್ನ ಗೆಳತಿ ನಕ್ಕಳು: "ಇದು ಕಾರಲ್ಲ ಕಣೇ, ಇಸ್ತ್ರಿಪೆಟ್ಟಿಗೆ." ನಮ್ಮವರು ನಗುತ್ತಿದ್ದ ಹೊತ್ತಿಗೇ ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಿಂದ ಓಡಾಡತೊಡಗಿತ್ತು. 2003ರಿಂದ ಲಂಡನ್ನಿನ ನಡುಭಾಗಕ್ಕೆ ಕಾರು ತಂದರೆ ಸುಂಕ ಕಟ್ಟಬೇಕಿತ್ತು, ಕರೆಂಟು ಕಾರಿಗೆ ಆಗ ಸುಂಕವಿರಲಿಲ್ಲ. ಬೊಮ್ಮಸಂದ್ರದಲ್ಲಿ ಹುಟ್ಟಿದ ಮಗಳನ್ನು ಸೀಮೆಯವರು ಹುಡುಕಿಕೊಂಡು ಬಂದರು. ಆದರೆ ಕಾರ್ಖಾನೆಯಿಂದ ಹೊರಟ ರೇವಾಗಳ ಸಂಖ್ಯೆ ಜಗತ್ತಿನಲ್ಲೆಲ್ಲ ಸೇರಿ ಕೆಲವೇ ಸಾವಿರ. 2010ರಲ್ಲಿ ಮಹೀಂದ್ರಾ ಕಂಪನಿ ಅದನ್ನು ಕೊಂಡಿತು, 2013ರಲ್ಲಿ ಇ2ಒ ಎಂಬ ಹೊಸ ಕಾರು ತಂದಿತು. ಆ ಹೊತ್ತಿಗೆ ರೇವಾ ತಯಾರಿಕೆ ನಿಂತಿತ್ತು. ಕೆಲವು ವರ್ಷದಲ್ಲಿ ಇ2ಒ ಕೂಡ ನಿಂತಿತು. ಕರೆಂಟು ಗಾಡಿಗೆಂದೇ ಒಂದು ನೀತಿಯನ್ನು ದೇಶದಲ್ಲಿ ಎಲ್ಲ ರಾಜ್ಯಗಳಿಗಿಂತ ಮೊದಲು ಮಾಡಿದ್ದು ಕರ್ನಾಟಕ, 2017ರಲ್ಲಿ.

ನನಗೆ ಕಾರಿನ ಹುಡುಕಾಟ ಹತ್ತಿದಾಗ ಆ ಇಸ್ತ್ರಿಪೆಟ್ಟಿಗೆ ನೆನಪಾಯಿತು. 2024ರ ದಸರೆ ರಜೆಯಲ್ಲಿ ಮಗನ ಕಡೆ ಹೋದವಳು ಜಯನಗರಕ್ಕೂ ಹೋದೆ. ಕಾರು ಅದೇ ಕಾಂಪೌಂಡಿನಲ್ಲಿ ಇತ್ತು, ಮೇಲೆ ಹಳೆಯ ಸೀರೆಯ ಹೊದಿಕೆ. ಆಕೆಗೆ ಈಗ ಎಪ್ಪತ್ತು ದಾಟಿದೆ. ಸೀಸದ ಬ್ಯಾಟರಿ ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸಬೇಕು. ಆಕೆ ನಾಲ್ಕು ಸಲ ಬದಲಿಸಿ ಓಡಿಸಿದರಂತೆ. "ಮಾರುತ್ತೀರಾ?" ಎಂದೆ. "ಇಲ್ಲಮ್ಮ, ಇದರಲ್ಲಿ ನಾನು ಒಬ್ಬಳೇ ಎಲ್ಲಿಗೆಲ್ಲ ಹೋಗಿ ಬಂದಿದ್ದೀನಿ ಗೊತ್ತಾ?" ಎಂದು ಅದರ ತಲೆ ಸವರಿದರು. ಹೊರಡುವಾಗ ಒಂದು ಮಾತು ಹೇಳಿದರು: "ಹಳೆ ಕರೆಂಟು ಕಾರು ತಗೋಳೋರು ಕಾರು ನೋಡಬಾರದು, ಬ್ಯಾಟರಿ ನೋಡಬೇಕು. ಮಿಕ್ಕದ್ದೆಲ್ಲ ಡಬ್ಬ."

ಗಡಿಗೆಯನ್ನು ಎಲ್ಲಿ ಬಾರಿಸಬೇಕೆಂದು ಅಂದು ತಿಳಿಯಿತು.

ಈಗಿನ ಕಾರುಗಳಲ್ಲಿ ಸೀಸವಲ್ಲ, ಲಿಥಿಯಂ ಬ್ಯಾಟರಿ. ಇಡೀ ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಅದರದೇ. ಅದು ಒಮ್ಮೆಲೆ ಸಾಯುವುದು ಅಪರೂಪ. ವಯಸ್ಸಾದ ಹಾಗೆ, ತುಂಬಿಸಿದ ಹಾಗೆ, ಸ್ವಲ್ಪ ಸ್ವಲ್ಪವೇ ಹೊಟ್ಟೆ ಸಣ್ಣದಾಗುತ್ತದೆ. ಹತ್ತು ಸೇರಿನ ಕೊಡ ಎಂಟು ಸೇರಿನದಾದರೂ ಹೊರಗಿನಿಂದ ಅದೇ ಕೊಡ, ಅದೇ ಹೊಳಪು. ಬಿಸಿಲು ಅದಕ್ಕೆ ದೊಡ್ಡ ವೈರಿ. ಅಮೆರಿಕದ ಅರಿಜೋನಾ ನಮ್ಮ ರಾಯಚೂರಿನ ಹಾಗೆ ಉರಿಬಿಸಿಲಿನ ಸೀಮೆ. 2012ರಲ್ಲಿ ಅಲ್ಲಿನ ಫೀನಿಕ್ಸ್ ಊರಿನ ನಿಸ್ಸಾನ್ ಲೀಫ್ ಕಾರಿನವರು ತಮ್ಮ ಬ್ಯಾಟರಿ ಒಂದೆರಡು ವರ್ಷಕ್ಕೇ ಕುಗ್ಗಿತೆಂದು ದೂರಿದರು. ಆ ಬ್ಯಾಟರಿಗೆ ತಂಪು ಮಾಡುವ ಏರ್ಪಾಡು ಇರಲಿಲ್ಲ. ಈಗಿನ ಅನೇಕ ಕಾರುಗಳಲ್ಲಿ ಬ್ಯಾಟರಿಯ ಸುತ್ತ ತಂಪು ದ್ರವ ಹರಿಯುತ್ತದೆ. ಮೇ ತಿಂಗಳಲ್ಲಿ ನೆರಳೂ ಬೆವರುವ ನಮ್ಮ ಊರಿನವರು ಇದನ್ನು ಮೊದಲು ಕೇಳಬೇಕು.

ಹಳೆಯವು ಯಾಕೆ ಸಿಗುವುದಿಲ್ಲ ಎಂಬುದಕ್ಕೂ ಉತ್ತರ ಸರಳ. ಹಳೆಯದು ಬರಬೇಕಾದರೆ ಹಿಂದೆ ಯಾರಾದರೂ ಹೊಸದು ಕೊಂಡಿರಬೇಕು. ನಮ್ಮ ಕಡೆ ನಾಲ್ಕೈದು ವರ್ಷದ ಹಿಂದೆ ಕರೆಂಟು ಕಾರು ಕೊಂಡವರು ಬೆರಳೆಣಿಕೆಯಷ್ಟು. ಕೊಂಡವರು ಬೇಗ ಮಾರುವುದಿಲ್ಲ, ಯಾಕೆಂದರೆ ದಿನದ ಖರ್ಚು ಕಡಿಮೆ. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟು ಮಾಡಿ ಇಡೀ ರಾಜ್ಯಕ್ಕೆ ಕಳಿಸುತ್ತೇವೆ, ಎಂಟು ಘಟಕ, 1,720 ಮೆಗಾವ್ಯಾಟು. ಆದರೆ ಆ ಕರೆಂಟಿನಿಂದ ಓಡುವ ಹಳೆಯ ಕಾರು ಬೇಕೆಂದರೆ ಹೈದರಾಬಾದಿಗೆ ಹೋಗಬೇಕು.

ಹೋದೆ. ನಮ್ಮ ಮನೆಯವರೂ ಬಂದರು. ಅಲ್ಲಿಯ ಒಂದು ಅಂಗಡಿಯಲ್ಲಿ ಬಿಳಿ ಕಾರು, ಹಸಿರು ನಂಬರ್ ಪ್ಲೇಟು, ಮೂಗಿಗೆ ಸೆಂಟಿನ ವಾಸನೆ. ಎರಡು ವರ್ಷ ಓಡಿದ್ದು. ಬೆಲೆ ಕೇಳಿದರೆ ಹೊಸದಕ್ಕೂ ಇದಕ್ಕೂ ಎಪ್ಪತ್ತೈದು ಸಾವಿರದ ಅಂತರ. ಐದು ಲಕ್ಷದ ನನ್ನ ಗಂಟಿಗೆ ಇನ್ನೂ ಎರಡು ಲಕ್ಷ ಕೂಡಿಸಬೇಕು. "ತುಂಬಾ ಜನ ಕೇಳ್ತಿದ್ದಾರೆ ಮೇಡಂ. ಇವತ್ತು ಅಡ್ವಾನ್ಸ್ ಹಾಕಿದರೆ ನಿಮಗೆ, ನಾಳೆ ಇರಲ್ಲ" ಎಂದ ಹುಡುಗ. ಆ ಮಾತು ಕಿವಿಗೆ ಬಿದ್ದೊಡನೆ ನನಗೆ ಸಾಬೂನು ಹಚ್ಚಿದ ಅವ್ವನ ಕೈ ಕಣ್ಣ ಮುಂದೆ ಬಂತು. ಆದರೂ ಹೇಳುತ್ತೇನೆ, ಮನಸ್ಸು ಜಗ್ಗಿತು. ಮಳೆಯಲ್ಲಿ ನಿಂತ ಆ ಎರಡು ಗಂಟೆ ನೆನಪಾಯಿತು. ಹೇಗೋ ಸಾಲ ಕೂಡಿಸಿದರೆ ಸೋಮವಾರವೇ ಶಾಲೆಗೆ ಕಾರಿನಲ್ಲಿ ಹೋಗಬಹುದಿತ್ತು. ನಮ್ಮ ಮನೆಯವರು ಚೆಕ್ ಬುಕ್ಕಿಗೆ ಕೈ ಹಾಕಿಯೂ ಬಿಟ್ಟಿದ್ದರು.

"ಓಡಿಸಿ ನೋಡಬೇಕು" ಎಂದೆ. ಒಂದು ಸುತ್ತು ಎಂದು ಅವನು ತಿಳಿದ. ನಾನು ಒಂದು ಗಂಟೆಗೂ ಹೆಚ್ಚು ಓಡಿಸಿದೆ. ಕಾರಿನ ಮುಂದಿನ ಗಾಜುಪಟ್ಟಿಯಲ್ಲಿ ಇನ್ನು ಇಷ್ಟು ಕಿಲೋಮೀಟರು ಹೋಗುತ್ತದೆಂದು ತೋರುವ ಅಂಕಿ ಬರೀ ಅಂದಾಜು; ಹಿಂದೆ ಓಡಿಸಿದವನು ಮೆಲ್ಲಗೆ ಓಡಿಸಿದ್ದರೆ ಹೆಚ್ಚು ತೋರುತ್ತದೆ. ಅದನ್ನು ನಂಬದೆ ಐದನೇ ಕ್ಲಾಸಿನ ಲೆಕ್ಕ ಮಾಡಿದೆ. ಹೊರಟಾಗ ಬ್ಯಾಟರಿ ನೂರಕ್ಕೆ 90, ಮರಳಿದಾಗ 55. ಓಡಿದ್ದು 42 ಕಿಲೋಮೀಟರು. 35 ಪಾಲಿಗೆ 42 ಆದರೆ ನೂರು ಪಾಲಿಗೆಷ್ಟು? 120. ಅದೇ ಬಗೆಯ ಹೊಸ ಕಾರು ಅದೇ ಥರ ಓಡಿಸಿದರೆ 180ರ ಆಸುಪಾಸು ಬರುತ್ತದೆಂದು ಆ ಕಾರು ಇಟ್ಟುಕೊಂಡವರಿಂದ ಕೇಳಿಕೊಂಡು ಹೋಗಿದ್ದೆ. ಎಸಿ, ರಸ್ತೆ, ವೇಗ ಎಂದು ಸ್ವಲ್ಪ ಬಿಟ್ಟರೂ ಮೂರರಲ್ಲಿ ಒಂದು ಪಾಲು ಕಾಣೆ. ಸರ್ವೀಸ್ ಸೆಂಟರಿನಲ್ಲಿ ಬ್ಯಾಟರಿಯ ಆರೋಗ್ಯದ ಚೀಟಿ ಮಾಡಿಸಿಕೊಡಿ ಎಂದೆ. ಹುಡುಗನ ಮುಖ ಗಂಟಾಯಿತು. "ನಿಮಗೆ ದಿನಕ್ಕೆ 36 ಕಿಲೋಮೀಟರ್ ತಾನೆ, 120 ಸಾಲದಾ?" ಎಂದ. ಮಾತು ಖರೆ. ದಾರಿಗೆ ಸಾಕು, ಆದರೆ ಆ ಬೆಲೆಗೆ ಸಾಲದು. ಚೆಕ್ ಬುಕ್ಕು ತಿರುಗಿ ಚೀಲಕ್ಕೆ ಹೋಯಿತು. ಬಸ್ಸಿನಲ್ಲಿ ಇನ್ನೂರು ಕಿಲೋಮೀಟರು ಮಿಕ್ಕಿ ಮರಳಿ ಬರುವಾಗ ನಾನು ಅತ್ತೆ ಎಂದರೆ ನಗಬೇಡಿ.

ಮತ್ತೆ ಕಾಯುವುದು ಶುರುವಾಯಿತು. ಆದರೆ ಈ ಸಲ ಸುಮ್ಮನೆ ಕಾಯಲಿಲ್ಲ. ನೆರೆಮನೆಯ ಹುಡುಗಿಗೆ, ಸೂಜಿ ಹಾಕಿದ ಮೇಲೆ ಅಜ್ಜಿ ಎರಡು ತುತ್ತು ಉಂಡದ್ದನ್ನು ನೋಡಿಯೇ ಹೋಗಬೇಕೆಂದು ಹೇಳಿ ಒಪ್ಪಿಸಿದೆ. ಅವ್ವನ ಕೈಗೆಟಕುವ ಹಾಗೆ ಡಬ್ಬಿಯಲ್ಲಿ ಬೆಲ್ಲ ಇಟ್ಟೆ. ಇಷ್ಟು ಮಾಡಿದ ಮೇಲೆ ನನ್ನ ಅವಸರ ಅರ್ಧ ಇಳಿಯಿತು. ಕಾರಿಲ್ಲದೆಯೂ ಇದನ್ನು ಮೊದಲೇ ಮಾಡಬಹುದಿತ್ತಲ್ಲ ಎಂದು ನಾಚಿಕೆಯೂ ಆಯಿತು. ಕೊಳ್ಳುವವರ ಅವಸರವೇ ಮಾರುವವರ ಬಂಡವಾಳ. ಅವಸರವನ್ನು ಬೇರೆ ದಾರಿಯಿಂದ ಕಡಿಮೆ ಮಾಡಿಕೊಂಡರೆ ಬೆಲೆಯೂ ಇಳಿಯುತ್ತದೆ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ನಾನು ಮಕ್ಕಳಿಗೆ ವಿಸ್ತರಿಸಿ ಬರೆಯಲು ಎಷ್ಟು ಸಲ ಕೊಟ್ಟಿಲ್ಲ! ತಾಳುವುದಕ್ಕೂ ಏರ್ಪಾಡು ಬೇಕು ಎಂಬುದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ.

ಆ ತಿಂಗಳುಗಳಲ್ಲಿ ಮನೆಯ ತಯಾರಿ ಮಾಡಿಸಿದೆ. 15 ಆಂಪಿಯರಿನ ಪ್ಲಗ್ಗು, ಅದಕ್ಕೆ ಬೇರೆಯೇ ವೈರು, ಸರಿಯಾದ ಅರ್ತಿಂಗು. ಅರ್ತಿಂಗು ಇಲ್ಲದ ಹಳೆಯ ಮನೆಯಲ್ಲಿ ಚಾರ್ಜು ಮಾಡಬಾರದೆಂದು ಎಲೆಕ್ಟ್ರಿಷಿಯನ್ ಹೇಳಿದ. ಕಾಗದಪತ್ರದ ಪಾಠವನ್ನೂ ಓದಿಕೊಂಡೆ. ಆರ್.ಸಿ. ನಮ್ಮ ಹೆಸರಿಗೆ ಬರಲು ಫಾರಂ 29 ಮತ್ತು 30, ಬೇರೆ ರಾಜ್ಯದ ಗಾಡಿಯಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರ, ಹಿಂದಿನವರ ಸಾಲವಿದ್ದರೆ ತೀರಿದ್ದಕ್ಕೆ ಫಾರಂ 35. ಎಷ್ಟೋ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿ ಕೊಡುತ್ತವೆ. ಅದು ಎರಡನೆಯ ಒಡೆಯನಿಗೂ ಸಲ್ಲುತ್ತದೆಯೇ ಎಂದು ಬರಹದಲ್ಲಿ ನೋಡಬೇಕು, ಬಾಯಿಮಾತು ಸಾಲದು. ಚಾರ್ಜಿನ ಕೇಬಲ್ಲು ಕಾರಿನ ಜೊತೆ ಬರುತ್ತದೋ ಇಲ್ಲವೋ ಕೇಳಬೇಕು. ಎಮ್ಮೆ ಕೊಂಡು ಹಗ್ಗಕ್ಕೆ ಜಗಳ ಆಡುವಂತಾಗಬಾರದು. 2024ರ ಡಿಸೆಂಬರಿನಲ್ಲಿ ಜಿ.ಎಸ್.ಟಿ. ಮಂಡಳಿ, ವ್ಯಾಪಾರಿಗಳು ಹಳೆಯ ಕರೆಂಟು ಕಾರು ಮಾರಿದರೆ ಅವರ ಲಾಭದ ಭಾಗದ ಮೇಲೆ ನೂರಕ್ಕೆ 18 ತೆರಿಗೆ ಎಂದು ಗೊತ್ತುಮಾಡಿತು. ಮನೆಯವರಿಂದ ಮನೆಯವರು ನೇರವಾಗಿ ಕೊಂಡರೆ ಆ ತೆರಿಗೆ ಇಲ್ಲ. ಅಂದಮೇಲೆ ಅಂಗಡಿ ಬಿಟ್ಟು ಮನೆ ಹುಡುಕುವುದೇ ಲೇಸು ಎನಿಸಿತು.

ಮನೆ ಹುಡುಕುವುದರಲ್ಲಿ ಹೆಂಗಸರನ್ನು ಮೀರಿಸುವವರು ಯಾರು? ವರನನ್ನು ಹುಡುಕುವ ಹಾಗೆ ಹುಡುಕಿದೆ. ರಾಯಚೂರಿನ ಸಹೋದ್ಯೋಗಿಗಳು, ಅವರ ಓರಗಿತ್ತಿಯರು, ಮಹಿಳಾ ಮಂಡಳದವರು, ಎಲ್ಲರ ಕಿವಿಯಲ್ಲಿ ಹಾಕಿದೆ. 2025ರ ಸಂಕ್ರಾಂತಿಯ ಮುಂದೆ ಎಳ್ಳು ಬೆಲ್ಲದ ಜೊತೆ ಸುದ್ದಿ ಬಂತು. ರಾಯಚೂರಿನಲ್ಲಿ ಡಾಕ್ಟರ ದಂಪತಿಗಳು ಊರು ಬಿಟ್ಟು ಹೋಗುತ್ತಿದ್ದಾರೆ, ಎರಡು ವರ್ಷದ ಕಾರು ಮಾರುತ್ತಾರೆ. ಹೋದೆ. ಕಾರಿನ ಬಾಗಿಲಿಗೆ ಒಂದು ತರಚು, ಒಳಗೆ ಮಗುವಿನ ಬಿಸ್ಕತ್ತಿನ ಪುಡಿ, ಸೆಂಟಿನ ವಾಸನೆ ಇಲ್ಲ. ಡಾಕ್ಟರಮ್ಮ ಕೇಳುವ ಮೊದಲೇ ಸರ್ವೀಸಿನ ಚೀಟಿಗಳನ್ನೆಲ್ಲ ತಂದು ಮುಂದಿಟ್ಟರು. ಬ್ಯಾಟರಿಯ ಆರೋಗ್ಯದ ಚೀಟಿ ಮಾಡಿಸಲು ತಾವೇ ನನ್ನ ಜೊತೆ ಬಂದರು. ಓಡಿಸಿ ನೋಡಿದೆ: 40 ಕಿಲೋಮೀಟರಿಗೆ 23 ಪಾಲು ಇಳಿಯಿತು. ನೂರಕ್ಕೆ 174. ಗಡಿಗೆ ಟಣ್ ಎಂದಿತು. ಬೆಲೆ ನನ್ನ ಐದು ಲಕ್ಷವನ್ನು ನಲವತ್ತು ಸಾವಿರ ಮೀರಿತು, ಅದನ್ನು ಎರಡು ಕಂತಿನಲ್ಲಿ ಕೊಡಿ ಎಂದರು.

ಕಾರು ಮಾನ್ವಿಗೆ ತಂದ ದಿನ ಅವ್ವನನ್ನು ಕೈಹಿಡಿದು ಅಂಗಳಕ್ಕೆ ಕರೆತಂದೆ. ಅವಳ ಕಣ್ಣು ಈಗ ಮಂಜು. ಬಣ್ಣ ಯಾವುದು ಎಂದು ಕೇಳಲಿಲ್ಲ, ಎಷ್ಟು ಓಡುತ್ತದೆ ಎಂದೂ ಕೇಳಲಿಲ್ಲ. ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ಒಂದೇ ಪ್ರಶ್ನೆ ಕೇಳಿದಳು.

"ಹೊಸದರಕಿಂತ ಕಡಿಮಿ ಕೊಟ್ಟೆನವ್ವ, ಹೆಚ್ಚಿಗಿ ಕೊಟ್ಟೆ?"

ನಲವತ್ತೈದು ವರ್ಷ ಅವಳು ಆ ಸ್ಕೂಟರಿನ ವಿಷಯವಾಗಲಿ ಪಾಟ್ಲಿಯ ವಿಷಯವಾಗಲಿ ಒಂದು ಮಾತು ಆಡಿದ್ದನ್ನು ನಾನು ಕೇಳಿಲ್ಲ. ಮರೆತಿರಬೇಕು ಎಂದುಕೊಂಡಿದ್ದೆ.

"ಕಡಿಮಿ ಅವ್ವ. ಬಾಳ ಕಡಿಮಿ" ಎಂದೆ.

"ಹಂಗಾದ್ರ ಛಲೋ ಆತು" ಎಂದು ಬಾಗಿಲು ತಡಕಿ ಹಿಡಿದಳು. ಕೂಡಿಸಿಕೊಂಡು ಬಸ್ ಸ್ಟ್ಯಾಂಡಿನವರೆಗೆ ಒಂದು ಸುತ್ತು ಹಾಕಿ ಬಂದೆ. ಸದ್ದೇ ಇಲ್ಲದ್ದರಿಂದ ಗಾಡಿ ಹೊರಟಿಲ್ಲವೆಂದೇ ಅವಳು ತಿಳಿದಿದ್ದಳು. ಮನೆ ಮುಂದೆ ಇಳಿಸಿದಾಗ, "ಯಾವಾಗ ಹೋಗೋದು?" ಎಂದು ಕೇಳಿದಳು.

ಈಗ ಸಂಜೆ ಐದೂವರೆಗೆ ಶಾಲೆಯ ಗೇಟು ಹಾಕಿದರೆ ಆರೂ ಕಾಲಿಗೆ ಮನೆಯಲ್ಲಿರುತ್ತೇನೆ. ಆದರೂ ಬೆಲ್ಲದ ಡಬ್ಬಿಯನ್ನು ಅದರ ಜಾಗದಿಂದ ತೆಗೆದಿಲ್ಲ.